ಹೂವಿನ ತೂಕದ ಸೊಸೆ

ಬಹಳ ಕಾಲದ ಹಿಂದೆ, ಏಳು ಬೆಟ್ಟಗಳ ಆಚೆ, ಸೋನೆಗಿರಿ ಎಂಬ ಒಂದು ರಾಜ್ಯವಿತ್ತು. ಅಲ್ಲಿಯ ರಾಜ ಒಳ್ಳೆಯವನೇ, ಆದರೆ ಹಿತ್ತಾಳೆ ಕಿವಿಯವನು. ಧೂಮಾಕ್ಷನೆಂಬ ಮಾಂತ್ರಿಕ ಅವನ ಆಸ್ಥಾನಕ್ಕೆ ಬಂದು, ಈ ರಾಜ್ಯದ ಹೆಂಗಸರು ಜೋರಾಗಿ ನಗುತ್ತಾರೆ, ಎದುರು ಮಾತಾಡುತ್ತಾರೆ, ಹೆಣ್ಣು ಹೂವಿನಷ್ಟು ಹಗುರ ಇರದಿದ್ದರೆ ರಾಜ್ಯದ ಮಾನ ಉಳಿಯುವುದಿಲ್ಲ ಎಂದು ಕಿವಿಯೂದಿದ. ರಾಜ ಹೌದೌದು ಎಂದು ತಲೆಯಾಡಿಸಿದ. ರಾಣಿ ಏನೆಂದಳೋ, ಅವಳನ್ನು ಯಾರೂ ಕೇಳಲಿಲ್ಲ.

ಧೂಮಾಕ್ಷ ಪಟ್ಟದ ಆನೆಗೆ ಮಂತ್ರ ಹಾಕಿ ಕಲ್ಲು ಮಾಡಿದ. ಅದನ್ನು ಅರಮನೆಯ ಮುಂದೆ ನಿಲ್ಲಿಸಿ, ಸೊಂಡಿಲಿಗೆ ದೊಡ್ಡದೊಂದು ತಕ್ಕಡಿ ತೂಗುಹಾಕಿದ. ಪ್ರತಿ ಯುಗಾದಿಯ ಬೆಳಿಗ್ಗೆ ಚೀಟಿ ಎತ್ತಿ, ಒಬ್ಬ ಹೊಸ ಸೊಸೆಯನ್ನು ಒಂದು ತಟ್ಟೆಯಲ್ಲಿ ಕೂರಿಸುತ್ತಿದ್ದರು. ಇನ್ನೊಂದು ತಟ್ಟೆಯಲ್ಲಿ ಧೂಮಾಕ್ಷ ತನ್ನ ಐದು ಮಲ್ಲಿಗೆ ಹೂವು ಇಡುತ್ತಿದ್ದ. ಅವು ಮಂತ್ರದ ಹೂವು, ಹಾಗಾಗಿ ಎರಡು ತಟ್ಟೆಗಳೂ ಸಮನಾಗಿ ನಿಲ್ಲುತ್ತಿದ್ದವು. ಆಮೇಲೆ ಸೊಸೆಯ ನಾದಿನಿ, ಅತ್ತೆ, ನೆರೆಮನೆಯಾಕೆ, ಈ ಮೂವರೂ ಅವಳದೊಂದು ತಪ್ಪನ್ನು ಅವನ ಶಂಖದೊಳಗೆ ಹೇಳಬೇಕು. ಹೇಳಿದ ತಪ್ಪು ಕರಿಕಲ್ಲಾಗಿ ಸೊಸೆಯ ಮಡಿಲಿಗೆ ಬೀಳುತ್ತಿತ್ತು. ಹೇಳದೆ ಹೋದರೆ ಆ ಕಲ್ಲು ಹೇಳದವಳ ತಲೆಯ ಮೇಲೇ ಬೀಳುತ್ತದೆ ಎಂದು ಅವನು ಹೆದರಿಸಿದ್ದ. ಊರಿನ ಉಳಿದ ಹೆಂಗಸರೆಲ್ಲ ಬೆನ್ನು ತಿರುಗಿಸಿ ನಿಲ್ಲಬೇಕು.

‘ಯಾರ ತಟ್ಟೆ ನೆಲ ಮುಟ್ಟುತ್ತದೋ ಅವರು ಕೊಕ್ಕರೆಯಾಗಲಿ.’ ಇದು ಅವನ ಮಂತ್ರ. ಆರು ವರ್ಷಗಳಲ್ಲಿ ಆರು ಸೊಸೆಯರು ಕೊಕ್ಕರೆಗಳಾಗಿ ಅರಮನೆಯ ಕೆರೆಯಲ್ಲಿ ಒಂಟಿ ಕಾಲಿನ ಮೇಲೆ ನಿಂತಿದ್ದರು.

ಏಳನೆಯ ವರ್ಷದ ಚೀಟಿ ಚೆನ್ನಾಜಿಯ ಹೆಸರಿಗೆ ಬಂತು. ಚೆನ್ನಾಜಿ ನಕ್ಕರೆ ಮಾಡಿನ ಮೇಲಿನ ಕೋಳಿ ಹಾರಿ ಪಕ್ಕದ ಮನೆಗೆ ಹೋಗುತ್ತಿತ್ತು, ಅಂಥ ನಗು. ಅವಳ ಗಂಡ ಚೀಟಿ ನೋಡಿ ಕಣ್ಣೀರು ಹಾಕಿದ, ಪದ್ಧತಿಗೆ ನಾನೇನು ಮಾಡಲಿ ಎಂದ, ಗೋಡೆಗೊರಗಿ ಕೂತ. ಅವನ ತಂಗಿ ನೀಲಿ ಮಾತ್ರ ಕೂರಲಿಲ್ಲ. ನಾದಿನಿ ಅತ್ತಿಗೆ ಅಂದರೆ ಎಣ್ಣೆ ಸೀಗೆಕಾಯಿ ಎಂದು ಊರೆಲ್ಲ ನಂಬಿತ್ತು. ನೀಲಿಗೆ ಮಾತ್ರ ಅತ್ತಿಗೆ ಬಂದ ಮೇಲೆಯೇ ಮನೆ ಮನೆಯಂತಾಗಿದ್ದು. ಶಂಖದ ಮುಂದೆ ಮೊದಲು ನಿಲ್ಲಬೇಕಾದವಳು ತಾನೇ ಎಂದು ನೆನೆದು ಅವಳಿಗೆ ಮೈ ಉರಿಯಿತು.

ಅವಳು ನೇರವಾಗಿ ತಾಯಿ ಮುದ್ದವ್ವನ ಮುಂದೆ ನಿಂತು, ತಾನಂತೂ ಬಾಯಿ ಬಿಡುವುದಿಲ್ಲ, ನೀನೂ ಬಿಡಬೇಡ ಎಂದಳು. ಮುದ್ದವ್ವ ಬಿಡಿಸುತ್ತಿದ್ದ ಸೊಪ್ಪನ್ನು ಪಕ್ಕಕ್ಕಿಟ್ಟಳು. ನಾವಿಬ್ಬರು ಸುಮ್ಮನಿದ್ದರೂ ಪಕ್ಕದ ಮನೆ ದ್ಯಾಮಕ್ಕ ಸುಮ್ಮನಿರುತ್ತಾಳೆಯೇ ಎಂದು ಕೇಳಿದಳು. ಕೇಳಿದ್ದರಲ್ಲಿ ನ್ಯಾಯವಿತ್ತು. ಮೂರು ವರ್ಷದ ಹಿಂದೆ ದ್ಯಾಮಕ್ಕನ ಮಗಳು ಸಿದ್ದಿಯನ್ನು ಅದೇ ಬೀದಿಯ ಕೊನೆಯ ಮನೆಗೆ, ಮುದ್ದವ್ವನ ಮನೆಯ ಇನ್ನೊಂದು ಪಕ್ಕಕ್ಕೆ, ಕೊಟ್ಟಿದ್ದರು. ಅವಳನ್ನು ತೂಗಿದಾಗ ನೆರೆಮನೆಯಾಕೆಯಾಗಿ ಮೂರನೆಯ ತಪ್ಪು ಹೇಳಿದವಳು ಈ ಮುದ್ದವ್ವನೇ. ಅಂದಿನಿಂದ ಎರಡು ಮನೆಗಳ ನಡುವೆ ಒಲೆಯ ಬೆಂಕಿಯ ಕೊಡುಕೊಳ್ಳುವಿಕೆಯೂ ಇರಲಿಲ್ಲ.

“ಹಾಗಾದರೆ ಹೋಗಿ ಕೇಳೋಣ, ಏಳವ್ವ” ಎಂದಳು ನೀಲಿ.

ದ್ಯಾಮಕ್ಕ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. ಇವರನ್ನು ಕಂಡು ಮೊರ ಕೆಳಗಿಟ್ಟಳು, ಬಾ ಎನ್ನಲಿಲ್ಲ. ಮುದ್ದವ್ವ ಮೆಟ್ಟಿಲ ಕೆಳಗೇ ನಿಂತಳು.

“ನನ್ನ ಮಗಳು ಏನು ಮಾಡಿದ್ದಳು ಮುದ್ದವ್ವ?” ದ್ಯಾಮಕ್ಕ ಕೇಳಿದಳು. “ಮೂರು ವರ್ಷದಿಂದ ಕೇಳಬೇಕು ಅಂತಿದ್ದೆ.”

“ಏನೂ ಮಾಡಿರಲಿಲ್ಲ ಕಣೇ. ಹುಡುಕಿದೆ, ಸಿಗಲಿಲ್ಲ. ಅದಕ್ಕೇ ಒಂದು ಸುಳ್ಳು ಕಟ್ಟಿದೆ. ಕಲ್ಲು ನನ್ನ ತಲೆ ಮೇಲೆ ಬಿದ್ದರೆ ಈ ನೀಲಿಗೆ ಯಾರು ದಿಕ್ಕು ಅಂತ ಹೆದರಿಬಿಟ್ಟೆ. ತಪ್ಪಾಯಿತು ದ್ಯಾಮಕ್ಕ.”

ದ್ಯಾಮಕ್ಕ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯದೆ ತಾಯಿ ಮಗಳು ಮನೆಗೆ ಬಂದರು.

ಯುಗಾದಿ ಬಂತು. ಚೆನ್ನಾಜಿ ತಟ್ಟೆಯಲ್ಲಿ ಕೂತಳು, ಹೆಂಗಸರು ಬೆನ್ನು ತಿರುಗಿಸಿದರು, ಧೂಮಾಕ್ಷ ಶಂಖ ಹಿಡಿದ.

“ನಾದಿನಿ, ನಿನ್ನ ಅತ್ತಿಗೆಯ ತಪ್ಪೇನು?”

“ನಮ್ಮ ಅತ್ತಿಗೆಯಲ್ಲಿ ತಪ್ಪಿಲ್ಲ” ಎಂದಳು ನೀಲಿ. ಗಾಳಿಯಲ್ಲೇ ಕರಿಕಲ್ಲೊಂದು ಮೂಡಿ ಅವಳ ತಲೆಯ ಮೇಲೆ ಕೂತಿತು. ಕುತ್ತಿಗೆ ಮುರಿಯುವಷ್ಟು ಭಾರ. ನೀಲಿ ಹಲ್ಲು ಕಚ್ಚಿ ನಿಂತಳು.

“ಅತ್ತೆ, ನಿನ್ನ ಸೊಸೆಯ ತಪ್ಪೇನು?”

“ನನ್ನ ಸೊಸೆಯಲ್ಲಿ ತಪ್ಪಿಲ್ಲ” ಎಂದಳು ಮುದ್ದವ್ವ. ಎರಡನೆಯ ಕಲ್ಲು ಅವಳ ತಲೆಯ ಮೇಲೆ ಬಿತ್ತು. ಅವಳ ಮಂಡಿ ಕುಸಿಯಿತು.

“ನೆರೆಮನೆಯಾಕೆ, ಈ ಸೊಸೆಯ ತಪ್ಪೇನು?”

ದ್ಯಾಮಕ್ಕ ಮುದ್ದವ್ವನ ಕಡೆ ನೋಡಿದಳು. ಆಮೇಲೆ ಕೆರೆಯ ಕಡೆ ನೋಡಿದಳು.

“ಇವಳಲ್ಲಿ ತಪ್ಪಿಲ್ಲ” ಎಂದಳು ದ್ಯಾಮಕ್ಕ. “ನನ್ನ ಮಗಳಲ್ಲೂ ಇರಲಿಲ್ಲ.”

ಮೂರನೆಯ ಕಲ್ಲೂ ಬಿತ್ತು. ಅದು ಬಿದ್ದ ಸದ್ದಿಗೆ, ಬೆನ್ನು ತಿರುಗಿಸಿದ್ದ ಹೆಂಗಸರಲ್ಲಿ ಕುಂಬಾರರ ಹುಡುಗಿಯೊಬ್ಬಳು ಮೊದಲು ತಿರುಗಿದಳು. ಓಡಿ ಬಂದು ಮುದ್ದವ್ವನ ಕಲ್ಲಿಗೆ ಕೈಕೊಟ್ಟಳು. ಮುಟ್ಟಿದವರ ಕೈ ಸುಟ್ಟುಹೋಗುತ್ತದೆ ಎಂದು ಧೂಮಾಕ್ಷ ಅಬ್ಬರಿಸಿದ. ಕೈಯೇನೂ ಸುಡಲಿಲ್ಲ. ಅದನ್ನು ಕಂಡು ಮತ್ತೊಬ್ಬಳು ಬಂದಳು, ಮತ್ತೆ ಹತ್ತು ಮಂದಿ ಬಂದರು. ಉಪ್ಪರಿಗೆಯಿಂದ ರಾಣಿಯೂ ಸೆರಗು ಸಿಕ್ಕಿಸಿಕೊಂಡು ಇಳಿದು ಬಂದಳು. ಒಬ್ಬಳ ಕುತ್ತಿಗೆ ಮುರಿಯುತ್ತಿದ್ದ ಕಲ್ಲು ಇಪ್ಪತ್ತು ಕೈಗೆ ಕುಂಬಳಕಾಯಿಯಷ್ಟೂ ಭಾರವಾಗಲಿಲ್ಲ.

ಧೂಮಾಕ್ಷ ಗಂಟಲು ಸರಿಮಾಡಿಕೊಂಡು, ಕಲ್ಲು ತಟ್ಟೆಗೆ ಬೀಳಲೇಬೇಕು, ಅದೇ ಪದ್ಧತಿ ಎಂದ. ರಾಜ ಎಂದಿನಂತೆ ಹೌದೌದು ಎಂದ.

ನೀಲಿ ತಕ್ಕಡಿಯನ್ನು ನೋಡಿದಳು. ಇದ್ದದ್ದು ಎರಡು ತಟ್ಟೆ. ಆರು ವರ್ಷದಿಂದ ಎಲ್ಲರೂ ಒಂದೇ ತಟ್ಟೆಗೆ ಕಲ್ಲು ಹಾಕಿದ್ದರು, ಇನ್ನೊಂದರ ಕಡೆ ಯಾರೂ ನೋಡಿರಲೇ ಇಲ್ಲ.

“ಪದ್ಧತಿ ಮುರಿಯುವುದು ಬೇಡ ಮಹಾರಾಜ. ತಟ್ಟೆಗೇ ಹಾಕುತ್ತೇವೆ” ಎಂದಳು ನೀಲಿ. “ಎತ್ತಿರೇ ಅಕ್ಕಂದಿರಾ, ಹೂವಿನ ಕಡೆಗೆ.”

ಧಡ್, ಧಡ್, ಧಡ್. ಮೂರು ಕಲ್ಲೂ ಮಲ್ಲಿಗೆಯ ಮೇಲೆ ಬಿದ್ದವು. ಹೂವಿನ ತಟ್ಟೆ ಸರ್ರನೆ ಇಳಿದು ನೆಲ ಮುಟ್ಟಿತು, ಚೆನ್ನಾಜಿ ತಟ್ಟೆ ಸಮೇತ ಆನೆಯ ಕಿವಿಯ ಎತ್ತರಕ್ಕೆ ಹಾರಿ ಕೂತಳು. ಅಷ್ಟು ಎತ್ತರದಿಂದ ಮಾಂತ್ರಿಕನ ಮುಖ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಅವನ ಮುಖ ಆಗಲೇ ಉದ್ದವಾಗತೊಡಗಿತ್ತು. ಹೂವಿನ ತಟ್ಟೆ ಅವನದಲ್ಲವೇ? ಅವನ ಮಂತ್ರ ಅವನಿಗೇ ತಗುಲಿ, ಮೂಗು ಕೊಕ್ಕಾಯಿತು, ತೋಳು ರೆಕ್ಕೆಯಾಯಿತು. ಕೆರೆಯ ಕಡೆಗೆ ಹಾರಿಹೋದವನು ಇವತ್ತಿಗೂ ಅಲ್ಲೇ ಒಂಟಿ ಕಾಲಿನ ಮೇಲಿದ್ದಾನೆ.

ಅವನು ಬೇರೆಯವರಿಗೆ ಹಾಕಿದ್ದ ಮಂತ್ರವೆಲ್ಲ ಕಳಚಿತು. ಕಲ್ಲಾನೆ ಕಿವಿ ಬೀಸಿ, ಚೆನ್ನಾಜಿಯನ್ನು ಮೆಲ್ಲಗೆ ಕೆಳಗಿಳಿಸಿ, ತಕ್ಕಡಿಯನ್ನು ತುಳಿದು ಪುಡಿ ಮಾಡಿತು. ಕೆರೆಯಿಂದ ಆರು ಹೆಂಗಸರು ಸೀರೆ ಹಿಂಡಿಕೊಳ್ಳುತ್ತ ದಡ ಹತ್ತಿದರು. ಸಿದ್ದಿಗೆ ಎರಡೂ ಕಾಲು ಊರಿ ನಡೆಯುವುದೇ ಮರೆತುಹೋಗಿತ್ತು. ಒಂದು ಕಡೆ ದ್ಯಾಮಕ್ಕ ಹಿಡಿದುಕೊಂಡಳು. ಮುದ್ದವ್ವ ಹತ್ತಿರ ಬರಲು ಹಿಂಜರಿದು ದೂರವೇ ನಿಂತಿದ್ದಳು. ದ್ಯಾಮಕ್ಕ ಅವಳನ್ನು ಒಂದು ಗಳಿಗೆ ನೋಡಿ, “ಆ ಕಡೆ ಹಿಡಿ, ನನ್ನೊಬ್ಬಳ ಕೈಲಿ ಆಗುವುದಿಲ್ಲ” ಎಂದಳು. ಮುದ್ದವ್ವ ಅಳುತ್ತಲೇ ಹಿಡಿದಳು.

ಅಂದು ಅರಮನೆಯ ಅಂಗಳದಲ್ಲಿ ಹೆಂಗಸರಿಗೇ ಮೊದಲ ಪಂಕ್ತಿ. ರಾಜನೇ ಬಡಿಸಲು ನಿಂತ. ಎದುರಿಗೆ ಬಂದು, ನಿನಗೇನು ಬೇಕು ತಾಯಿ ಎಂದು ವಿನಯದಿಂದ ಕೇಳಿದಾಗ, ಮೂರು ವರ್ಷ ಕೆರೆಯಲ್ಲಿ ನಿಂತಿದ್ದ ಸಿದ್ದಿ ಎಲೆ ಹತ್ತಿರಕ್ಕೆ ಎಳೆದುಕೊಂಡಳು.

“ಏನು ಬೇಕಾದರೂ ಬಡಿಸಿ ಮಹಾರಾಜ, ಮೀನು ಮಾತ್ರ ಬೇಡ.”

ಅಂಗಳಕ್ಕೆ ಅಂಗಳವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸೋನೆಗಿರಿಯವರು ಹಾಗೆ ನಗುತ್ತಲೇ ಉಂಡು, ನೂರು ವರ್ಷ ಚೆನ್ನಾಗಿ ಬಾಳಿದರು.