ನಾಲ್ಕು ಡಿಗ್ರಿಯಲ್ಲಿ ಎಪ್ಪತ್ತು ವರ್ಷ

"ನಿಮ್ಮಲ್ಲಿ ನಾಲ್ಕು ಡಿಗ್ರಿ ಉಂಟಾ?"

ಪಾಣೆಮಂಗಳೂರಿನ ಆ ಕೋಲ್ಡ್ ಸ್ಟೋರೇಜಿನ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಾ ಆತ ಕೇಳಿದ ಮೊದಲ ಮಾತು ಇದು. ನಮಸ್ಕಾರವಿಲ್ಲ, ಹೆಸರಿಲ್ಲ!

ಐಸ್‌ಕ್ರೀಮ್ ಬಾಕ್ಸ್ ಜೋಡಿಸುತ್ತಿದ್ದ ಸುರಕ್ಷಾ ತಲೆಯೆತ್ತಿದಳು.

"ಉಂಟು. ಹಾಲು, ಬೆಣ್ಣೆ ಇಡುವ ರೂಮು. ನಿಮ್ಮದು ಎಂತ, ಹಾಲಾ?"

"ಅಲ್ಲ... ಕೆಸರು."

"ಎಂತ?!"

ಆತನ ಹಿಂದೆ ಪಿಕಪ್‌ನಲ್ಲಿ ಒದ್ದೆ ಗೋಣಿ ಸುತ್ತಿದ ಒಂಬತ್ತು ಪ್ಲಾಸ್ಟಿಕ್ ಕೊಳವೆಗಳಿದ್ದವು, ಒಂದೊಂದೂ ಅವಳಷ್ಟೇ ಉದ್ದ. ಲಡಾಖಿನ ಒಂದು ಸರೋವರದ ತಳದಿಂದ ತೆಗೆದ ಕೆಸರಂತೆ! ಆತ ಭವಿತ್, ಮೂಡುಬಿದಿರೆಯ ಕಾಲೇಜೊಂದರಲ್ಲಿ ಸಂಶೋಧನೆ ಮಾಡುವವನು. ಅಲ್ಲಿಯ ಕೋಲ್ಡ್ ರೂಮು ಅಂದು ಬೆಳಿಗ್ಗೆಯೇ ಕೈಕೊಟ್ಟಿತ್ತು.

"ನಾಲ್ಕು ವರ್ಷದ ಕೆಲಸ ಮಾರಾಯ್ರೆ. ಬಿಸಿ ತಾಗಿದರೆ ಬೂಷ್ಟು ಹಿಡೀತದೆ. ಐಸ್ ಆದರೆ ನೀರು ಉಬ್ಬಿ ಪದರವೆಲ್ಲ ಒಡೆದು ಹೋಗ್ತದೆ. ಸರಿಯಾಗಿ ನಾಲ್ಕು ಡಿಗ್ರಿಯೇ ಆಗಬೇಕು."

"ಹಾಲಿನ ಪಕ್ಕದಲ್ಲಿ ಕೆಸರಾ?" ಸುರಕ್ಷಾಳ ಅಪ್ಪ ಅಣ್ಣು ಒಳಗಿನಿಂದ ಕೂಗಿದರು.

ಅಷ್ಟರಲ್ಲಿ ಅವಳು ಕೊಳವೆಯ ಒಂದು ತುದಿಗೆ ಕೈ ಹಾಕಿಯಾಗಿತ್ತು. ಯಾಕೆಂದು ಕೇಳಿದರೆ ಅವಳಿಗೂ ಗೊತ್ತಿಲ್ಲ! ಆ ಕಣ್ಣುಗಳಲ್ಲಿ ಅಷ್ಟು ಗಾಬರಿ ಇತ್ತು, ಅಷ್ಟೇ.

ಅಲ್ಲಿಂದ ಶುರುವಾಯಿತು ನೋಡಿ. ಭವಿತ್ ಎರಡು ದಿನಕ್ಕೊಮ್ಮೆ ಬಸ್ ಹಿಡಿದು ಬರುತ್ತಿದ್ದ. ಕೊಳವೆಯನ್ನು ಉದ್ದಕ್ಕೆ ಸೀಳಿ, ಭೂತಕನ್ನಡಿ ಹಿಡಿದು ಗಂಟೆಗಟ್ಟಲೆ ಕೂರುತ್ತಿದ್ದ. ಸುರಕ್ಷಾ ಅಪ್ಪನ ಹಳೇ ಸ್ವೆಟರ್ ಹಾಕಿಕೊಂಡು ಪಕ್ಕದಲ್ಲಿ ನಿಲ್ಲುತ್ತಿದ್ದಳು.

"ಇಲ್ಲಿ ನೋಡಿ. ಬೇಸಿಗೆಯಲ್ಲಿ ಹಿಮ ಕರಗಿದ ನೀರು ಮರಳು ತರ್ತದೆ. ಅದು ಈ ಬಿಳಿ ಗೆರೆ. ಚಳಿಗಾಲದಲ್ಲಿ ಸರೋವರದ ಮೇಲೆ ಮಂಜುಗಡ್ಡೆ ಮುಚ್ಚಿಕೊಳ್ತದೆ, ಆಗ ನಯವಾದ ಮಣ್ಣು ನಿಧಾನಕ್ಕೆ ತಳಕ್ಕೆ ಕೂರ್ತದೆ. ಅದು ಕಪ್ಪು ಗೆರೆ. ಒಂದು ಬಿಳಿ, ಒಂದು ಕಪ್ಪು ಸೇರಿದರೆ ಒಂದು ವರ್ಷ."

"ಈ ಬಿಳಿ ಎಂತ ಇಷ್ಟು ದಪ್ಪ?"

"ಆ ವರ್ಷ ಸೆಖೆ ಜಾಸ್ತಿ, ಹಿಮ ತುಂಬ ಕರಗಿದೆ. ಥರ್ಮಾಮೀಟರ್ ಇಲ್ಲದ ಕಾಲದ ಸೆಖೆ, ಚಳಿ ಎಲ್ಲ ಇದರಲ್ಲಿ ಉಂಟು!"

ಹೇಳುವಾಗ ಅವನ ಮುಖ ಬೆಳಗುತ್ತಿತ್ತು. ಸುರಕ್ಷಾ ಆ ಮುಖವನ್ನು ನೋಡುತ್ತಿದ್ದಳು, ಅವನು ಕೆಸರನ್ನು ನೋಡುತ್ತಿದ್ದ.

'ಕೆಸರನ್ನು ಇಷ್ಟು ಪ್ರೀತಿಯಿಂದ ನೋಡುವ ಮನುಷ್ಯ ನನ್ನನ್ನು ಒಮ್ಮೆ ನೋಡಬಾರದಾ?'

ಕೆಸರಿನ ಮೇಲೆ ಹೊಟ್ಟೆಕಿಚ್ಚು! ಅವಳಿಗೇ ನಗು ಬಂತು. ಆದರೆ ಆ ನಗು ಹೆಚ್ಚು ದಿನ ಉಳಿಯಲಿಲ್ಲ.

ಕೊಳವೆಗಳ ಮುಚ್ಚಳದ ಮೇಲೆಲ್ಲ ನೀಲಿ ಶಾಯಿಯಲ್ಲಿ, ದುಂಡು ಅಕ್ಷರದಲ್ಲಿ ಒಂದೇ ಹೆಸರಿತ್ತು. ಅಕ್ಷಿತಾ.

"ಇದು... ಯಾರು?"

"ಅಕ್ಷಿತಾನಾ? ಬೆಳ್ತಂಗಡಿಯವಳು, ನಮ್ಮ ಲ್ಯಾಬಿನವಳು. ಸರೋವರದ ಮಂಜುಗಡ್ಡೆಯ ಮೇಲೆ ನಿಂತು ಒಂಬತ್ತೂ ಕೊಳವೆ ತಳಕ್ಕೆ ಇಳಿಸಿ ತೆಗೆದದ್ದು ಅವಳೇ. ಅವಳಿಲ್ಲದಿದ್ದರೆ ನಾನು ಎಂತದ್ದೂ ಇಲ್ಲ!"

ಎಂತದ್ದೂ ಇಲ್ಲವಂತೆ!

ಅವನು ಬಂದಾಗಲೆಲ್ಲ ಅಕ್ಷಿತಾಳ ಫೋನ್ ಬರುತ್ತಿತ್ತು. ಭವಿತ್ ಹೊರಗೆ ಹೋಗಿ ಮಾತಾಡುತ್ತಿದ್ದ. ನಗುತ್ತಿದ್ದ. ಸುರಕ್ಷಾ ಹತ್ತಿರ ಬಂದರೆ ಸಾಕು, ಸ್ವರ ತಗ್ಗಿಸಿಬಿಡುತ್ತಿದ್ದ. ನಾಲ್ಕು ಡಿಗ್ರಿಯ ರೂಮಿನಲ್ಲಿ ನಿಂತು ಬೆವರಿದವಳು ಈ ಲೋಕದಲ್ಲಿ ಅವಳೊಬ್ಬಳೇ ಇರಬೇಕು!

ಮೂರನೇ ತಿಂಗಳಲ್ಲಿ ಒಂದು ದಿನ ಅವನು ಖುಷಿಯಿಂದ ಹೇಳಿದ, "ನಾಳೆ ಅಕ್ಷಿತಾ ಬರ್ತಾಳೆ. ನಿಮ್ಮನ್ನು ನೋಡಬೇಕಂತೆ."

"ನನ್ನನ್ನು ಎಂತಕ್ಕೆ? ಕೊಳವೆ ನೋಡಿಕೊಂಡು ಹೋಗಲಿ."

ಅವನು ಪೆಚ್ಚಾಗಿ ನಿಂತ. ಅವಳು ತಿರುಗಿ ನೋಡಲೇ ಇಲ್ಲ.

ಮರುದಿನ ಬೆಳಿಗ್ಗೆ ಮಡಂತ್ಯಾರಿನ ಅಡುಗೆಯ ಲೋಕಯ್ಯ ಮದುವೆಯೊಂದರ ಹಾಲು, ಮೊಸರಿನ ಕ್ಯಾನ್‌ಗಳನ್ನು ತಂದಿಳಿಸಿದರು. ಜಾಗ ಸಾಲಲಿಲ್ಲ. ಕ್ಯಾನ್ ಮೇಲೆ ಕ್ಯಾನ್ ಇಟ್ಟಿದ್ದರೆ ಆಗುತ್ತಿತ್ತು. ಸುರಕ್ಷಾಳಿಗೆ ಅದು ಗೊತ್ತಿತ್ತು.

ಆದರೆ ಕಣ್ಣೆದುರು ಆ ದುಂಡು ಅಕ್ಷರಗಳು...

'ಎಲ್ಲ ಕಡೆಯೂ ನೀನೇ ಇರಬೇಕಾ?'

ಏಳನೇ ಕೊಳವೆಯನ್ನು ಎತ್ತಿ, ಪಕ್ಕದ ಐಸ್‌ಕ್ರೀಮ್ ರೂಮಿನಲ್ಲಿಟ್ಟು ಬಾಗಿಲು ಹಾಕಿದಳು. ಅಲ್ಲಿ ಮೈನಸ್ ಹದಿನೆಂಟು.

ಬೈಯಬೇಕೆನಿಸಿದರೆ ಬೈಯಿರಿ. ಎರಡು ಗಂಟೆ ಅವಳೂ ತನ್ನನ್ನು ತಾನು ಬೈದುಕೊಂಡಳು. ಕೊನೆಗೆ ತಡೆಯಲಾರದೆ ಓಡಿಹೋಗಿ ಬಾಗಿಲು ತೆರೆದಳು. ತಣ್ಣನೆ ಗಾಳಿ ಬೀಸುವ ಫ್ಯಾನಿನ ಕಡೆಯ ತುದಿ ಬೆಳ್ಳಗಾಗಿತ್ತು. ಮುಚ್ಚಳ ತೆಗೆದು ಒತ್ತಿದರೆ ಕಲ್ಲು!

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಕೊಳವೆಯನ್ನು ಒರೆಸಿ ಮೊದಲಿನ ಜಾಗದಲ್ಲಿಟ್ಟಳು. ಏಳನೆಯದನ್ನು ಅವನಿನ್ನೂ ಸೀಳಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಹೇಳಿದರೆ? ಅವನು ಮತ್ತೆ ಈ ಕಡೆ ಕಾಲಿಡುವುದಿಲ್ಲ...

"ಇವರೇನಾ ಸುರಕ್ಷಾ!"

ಬಾಗಿಲಲ್ಲಿ ಗುಂಡಗಿನ, ನಗುಮುಖದ ಹೆಂಗಸು. ಹಿಂದೆ ಕಿವಿ ಕೆಂಪಾದ ಭವಿತ್.

"ನೋಡಿ ಮಾರಾಯ್ತಿ, ಕಾಲೇಜಿನ ರೂಮು ರಿಪೇರಿಯಾಗಿ ತಿಂಗಳಾಯ್ತು. ಈ ಮಹಾಶಯ ಕೊಳವೆ ವಾಪಸ್ ತರುವ ಸುದ್ದಿಯೇ ಎತ್ತುವುದಿಲ್ಲ! 'ಅವಳಿಗೆ ಹೇಳಲಾ, ಬೇಡವಾ' ಅಂತ ದಿನಾ ಫೋನಿನಲ್ಲಿ ನನ್ನ ತಲೆ ತಿಂತಾನೆ. ನನ್ನ ಗಂಡನಿಗೂ ಈಗ ನಿಮ್ಮ ಹೆಸರು ಬಾಯಿಪಾಠ!"

"ಅಕ್ಷಿತಾ, ಸಾಕು..." ಭವಿತ್ ಗೊಣಗಿದ.

ಸುರಕ್ಷಾ ಅಷ್ಟು ದಿನ ಕಾದಿದ್ದ ಮಾತು ಬಂತು. ಬರಬಾರದ ದಿನವೇ ಬಂತು!

"ಏಳನೇ ಕೊಳವೆ ಐಸ್ ಆಗಿದೆ." ಸುರಕ್ಷಾ ಕೊಳವೆಯತ್ತ ಕೈ ತೋರಿಸಿದಳು. "ನಾನೇ ಇಟ್ಟದ್ದು. ಬೇಕಂತಲೇ."

ಭವಿತ್‌ನ ನಗು ಮಾಯವಾಯಿತು. "ಯಾಕೆ?"

"ಮುಚ್ಚಳದ ಮೇಲಿನ ಹೆಸರು ನೋಡಿ... ಹೊಟ್ಟೆ ಉರಿಯಿತು."

"ಅಯ್ಯೋ ದೇವರೇ!" ಅಕ್ಷಿತಾ ಹಣೆ ಬಡಿದುಕೊಂಡಳು. "ಅದು ನಮ್ಮ ಲ್ಯಾಬಿನ ಪದ್ಧತಿ. ಕೊಳವೆ ಹಾಳಾದರೆ ಯಾರು ಜವಾಬು ಕೊಡಬೇಕೋ ಅವರ ಹೆಸರು ಬರೆಯುವುದು. ಬೈಗುಳ ತಿನ್ನುವವಳ ಹೆಸರದು!"

ಸುರಕ್ಷಾ ಮಾರ್ಕರ್ ತೆಗೆದಳು. ಏಳನೇ ಮುಚ್ಚಳದ ಹೆಸರಿಗೆ ಅಡ್ಡಗೆರೆ ಎಳೆದು, ಕೆಳಗೆ ಬರೆದಳು. ಸುರಕ್ಷಾ.

ಭವಿತ್ ಮುಚ್ಚಳ ತೆರೆದು ಬೆರಳಿನಿಂದ ಒತ್ತಿ ನೋಡಿದ.

"ನಾಲ್ಕು ಬೆರಳಿನಷ್ಟು ಹೋಗಿದೆ," ಎಂದ ಮೆಲ್ಲಗೆ. "ಎಪ್ಪತ್ತು ವರ್ಷ."

ಹಾಗೆಯೇ ಹೊರಗೆ ನಡೆದುಬಿಟ್ಟ.

ಅವಳು ಹಿಂದೆಯೇ ಬಂದಳು. ಅವನು ನೇತ್ರಾವತಿ ಹೊಳೆಯ ಕಡೆ ಮುಖ ಮಾಡಿ ನಿಂತಿದ್ದ.

"ಸಿಟ್ಟು ಉಂಟಲ್ಲಾ?"

"ಉಂಟು. ತುಂಬ ಉಂಟು. ನನ್ನ ಮೇಲೂ ಉಂಟು. ತಿಂಗಳ ಹಿಂದೆಯೇ ಕೊಂಡುಹೋಗಬೇಕಿತ್ತು. ನಿಮ್ಮನ್ನು ನೋಡುವ ಆಸೆಗೆ ಇಲ್ಲೇ ಇಟ್ಟೆ... ಒಂದು ಕೇಳ್ತೇನೆ. ನೀವು ಹೇಳದಿದ್ದರೆ ನನಗೆ ಗೊತ್ತೇ ಆಗ್ತಿರಲಿಲ್ಲ. ಎಂತಕ್ಕೆ ಹೇಳಿದ್ರಿ?"

"ಒಡೆದ ಪದರ ನೋಡಿ ನೀವು ಅಲ್ಲಿ ಸೆಖೆ, ಇಲ್ಲಿ ಚಳಿ ಅಂತ ಬರೀತಿದ್ರಿ. ಎಪ್ಪತ್ತು ವರ್ಷದ ಸುಳ್ಳು! ನನ್ನಿಂದಾಗಿ ನೀವು ಸುಳ್ಳು ಬರೆಯುವುದು ಬೇಡ." ಅವಳ ಕಣ್ಣು ತುಂಬಿತು. "ನೀವು ಇನ್ನು ಬರದಿದ್ದರೂ ಅಡ್ಡಿಯಿಲ್ಲ..."

ಭವಿತ್ ತಿರುಗಿದ. ಅವನ ಕಣ್ಣೂ ಒದ್ದೆಯಾಗಿತ್ತು.

"ಅಡ್ಡಿ ಉಂಟು. ಎಪ್ಪತ್ತು ವರ್ಷ ಹಾಳು ಮಾಡಿದ್ದೀರಿ. ಮುಚ್ಚಳದಲ್ಲಿ ಹೆಸರೂ ಬರೆದಿದ್ದೀರಿ. ವಾಪಸ್ ಕೊಡಬೇಕು."

"ಹೇಗೆ ಕೊಡಲಿ?"

"ಒಂದೊಂದೇ ಕೊಡಿ. ಒಂದು ಬೇಸಿಗೆ, ಒಂದು ಚಳಿಗಾಲ... ನನ್ನ ಜೊತೆ ಇದ್ದು."

ಅವಳು ಬಾಯಿ ತೆರೆಯುವ ಮೊದಲೇ...

"ಏ ಭವಿತ್!" ಒಳಗಿನಿಂದ ಅಕ್ಷಿತಾಳ ಸ್ವರ. "ಪಾಪದವಳನ್ನು ಎಂತಕ್ಕೆ ಹೆದರಿಸ್ತಿ? ಪಕ್ಕದಲ್ಲೇ ಇನ್ನೊಂದು ತೂತು ಕೊರೆದು ತೆಗೆದ ಎಂಟನೇ ಕೊಳವೆಯಲ್ಲಿ ಆ ಎಪ್ಪತ್ತು ವರ್ಷವೂ ಉಂಟಲ್ಲ!"

ಭವಿತ್ ತುಟಿ ಕಚ್ಚಿಕೊಂಡ. ಸುರಕ್ಷಾ ಕಣ್ಣೊರೆಸಿಕೊಂಡು ಅವನನ್ನೇ ದಿಟ್ಟಿಸಿದಳು.

"ಹಾಗಾದರೆ ವಾಪಸ್ ಕೊಡುವುದು ಬೇಡವಾ?"

"ಆ ಎಪ್ಪತ್ತು ಸರೋವರದ್ದು. ನನ್ನ ಎಪ್ಪತ್ತು ನನಗೆ ಬೇಕೇ ಬೇಕು."

"ಕೊಡ್ತೇನೆ... ಆದರೆ ದಿನಕ್ಕೊಮ್ಮೆಯಾದರೂ ಕೆಸರು ಬಿಟ್ಟು ನನ್ನ ಮುಖ ನೋಡಬೇಕು."

"ನಾಳೆಯಿಂದ ಸಾಕಾ?"

"ಈಗಲೇ!"

ಅವನು ನೋಡಿದ. ಈ ಸಲ ಅವಳೇ ತಲೆ ತಗ್ಗಿಸಿದಳು.