ಹ್ಯಾರಿಯೆಟ್‌ಗೆ ಮಾಡಿಸಿದ ಮದುವೆ

ಅಬೀದಾ ಮೇಡಂ ಉತ್ತರಪತ್ರಿಕೆಗಳ ಕಟ್ಟನ್ನು ಮೇಜಿನ ಮೇಲಿಟ್ಟರು, ಕನ್ನಡಕ ಒರೆಸಿಕೊಂಡರು, ಇಡೀ ತರಗತಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಹ್ಯಾರಿಯೆಟ್‌ದು ಮದುವಿ ಆತಂತ," ಎಂದರು. "ನಿಮ್ಮೊಳಗ ಇಪ್ಪತ್ತೆರಡು ಮಂದಿ ಹೋಗಿ ಉಂಡು ಬಂದೀರಿ. ನನಗ ಒಂದು ಲಗ್ನಪತ್ರಿಕಾನೂ ಬರಲಿಲ್ಲ."

ಯಾರೂ ನಗಲಿಲ್ಲ. ಎಂ.ಎ. ಇಂಗ್ಲಿಷ್ ಕೊನೆಯ ವರ್ಷದವರಿಗೆ ಇಷ್ಟಂತೂ ಗೊತ್ತಿತ್ತು. ಮೇಡಂ ಜೋಕ್ ಮಾಡಿದಾಗ, ನಗುವ ಮೊದಲು ಅದು ಯಾರ ಮೇಲೆ ಬೀಳುತ್ತದೆಂದು ನೋಡಿಕೊಳ್ಳಬೇಕು.

"ಇಪ್ಪತ್ತು ವರ್ಷ ಆತು ಈ ಕಾದಂಬರಿ ಪಾಠ ಮಾಡ್ಲಿಕತ್ತು. ಪ್ರತಿ ವರ್ಷ ಆಕಿ ಎಡ್ಮಂಡನಿಗೆ ಒಲ್ಲೆ ಅಂತಾಳ. ಈ ವರ್ಷ ಧಾರವಾಡದ ಹವಾ ತಾಕಿ ಮನಸ್ಸು ಬದಲಾತೇನು? ಒಬ್ಬರಂತೂ ಅಕ್ಕಿಕಾಳು ಹಾಕಿದ್ದನ್ನೂ ಬರದೀರಿ."

ಕಪಿಲ ಬೆಂಚಿನ ಕೆಳಗೆ ಏನೋ ಬೀಳಿಸಿಕೊಂಡವನಂತೆ ಬಗ್ಗಿದ.

ಎರಡನೆಯ ಸಾಲಿನಲ್ಲಿ ಪೂನಮ್ ತಲೆ ಎತ್ತಿಯೇ ಕೂತಿದ್ದಳು. ಕಿವಿ ಮಾತ್ರ ಬಿಸಿಯಾಗಿತ್ತು. ಆ ಮದುವೆ ಎಲ್ಲಿ ನಡೆಯಿತು, ಯಾರು ಮಾಡಿಸಿದರು, ಎಲ್ಲ ಅವಳಿಗೆ ಗೊತ್ತಿತ್ತು. ತಡೆಯಬಹುದಿತ್ತು, ತಡೆದಿರಲಿಲ್ಲ.

ಕಾದಂಬರಿ ನಾನೂರ ಎಂಬತ್ತು ಪುಟದ್ದು. ಹಳೆಯ ಕಾಲದ ಇಂಗ್ಲೆಂಡಿನ ಒಂದು ಹಳ್ಳಿ. ಪಾದ್ರಿಯ ಮಗಳು ಹ್ಯಾರಿಯೆಟ್ ಖಾಲಿ ಬಿದ್ದ ದನದ ಕೊಟ್ಟಿಗೆಯಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆಯುತ್ತಾಳೆ. ಎಡ್ಮಂಡ್ ಒಳ್ಳೆಯವನು, ಅವಳನ್ನು ಪ್ರೀತಿಸುತ್ತಾನೆ. ದೂರದ ಬಂದರು ಪಟ್ಟಣದಲ್ಲಿ ನೌಕರಿ ಸಿಕ್ಕಾಗ, ಮದುವೆಯಾಗಿ ಜೊತೆಗೆ ಬಾ ಎನ್ನುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ. ಪುಸ್ತಕ ಮುಗಿಯುತ್ತದೆ.

ಇದನ್ನು ಪೂರ್ತಿ ಓದಿದವರು ತರಗತಿಯಲ್ಲಿ ಇಬ್ಬರೇ. ಉಳಿದವರನ್ನು ಸೋಮಾರಿಗಳೆಂದರೆ ಅನ್ಯಾಯವಾದೀತು. ಹೆಚ್ಚಿನವರು ಕನ್ನಡ ಮೀಡಿಯಂನಿಂದ ಬಂದವರು. ಮುಂಜಾನೆ ಟ್ಯೂಷನ್ ಹೇಳಿ, ಮಧ್ಯಾಹ್ನ ಕ್ಲಾಸಿಗೆ ಬಂದು, ಉಳಿದ ಹೊತ್ತಿನಲ್ಲಿ ಡಿಕ್ಷನರಿ ಹಿಡಿದು ಕೂತರೆ, ಅರ್ಧ ತಾಸಾದರೂ ಹ್ಯಾರಿಯೆಟ್ ಇನ್ನೂ ಟೋಪಿಯ ದಾರ ಕಟ್ಟಿಕೊಳ್ಳುತ್ತಲೇ ಇರುತ್ತಿದ್ದಳು. ಹೀಗಾಗಿ ಒಂದು ಪದ್ಧತಿ ಬೆಳೆದಿತ್ತು. ಇಂಟರ್ನಲ್ಸ್‌ನ ಹಿಂದಿನ ದಿನ ವಿಭಾಗದ ಹಿತ್ತಲಿನ ಬೇವಿನ ಮರದ ಕೆಳಗೆ ಎಲ್ಲರೂ ಸೇರಬೇಕು. ಯಲ್ಲೇಶನಿಗೆ ಚಹಾ ಕುಡಿಸಬೇಕು. ಯಲ್ಲೇಶ ಕಥೆ ಹೇಳಬೇಕು.

ಯಲ್ಲೇಶ ಹೆಬ್ಬಳ್ಳಿಯವನು. ತರಗತಿಯಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ಎರಡು ವಾಕ್ಯ ಹೇಳೆಂದರೆ ಬೆವರುವ ಹುಡುಗ, ಮರದ ಕೆಳಗೆ ಕೂತನೆಂದರೆ ಇಂಗ್ಲೆಂಡನ್ನೇ ಎತ್ತಿ ತಂದು ಹೆಬ್ಬಳ್ಳಿಯ ಪಕ್ಕಕ್ಕಿಡುತ್ತಿದ್ದ. ಅವನ ಹ್ಯಾರಿಯೆಟ್ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೊಟ್ಟಿಗೆ ಗುಡಿಸುತ್ತಿದ್ದಳು. ಅವನ ಪಾದ್ರಿ ಮಗಳ ಮೇಲೆ ಸಿಟ್ಟಾದರೆ ಉಣ್ಣದೆ ಮುಸುಕು ಹೊದ್ದು ಮಲಗುತ್ತಿದ್ದ.

ಪೂನಮ್‌ಗೆ ಅಲ್ಲೇನೂ ಕೆಲಸವಿರಲಿಲ್ಲ. ಪುಸ್ತಕವನ್ನು ಎರಡು ಸಲ ಓದಿದವಳು, ತರಗತಿಗೆ ಮೊದಲಿಗಳು. ಆದರೂ ಪ್ರತಿ ಸಲ ಹೋಗುತ್ತಿದ್ದಳು.

"ರಿವಿಜನ್ ಆಗ್ತೈತಿ," ಎನ್ನುತ್ತಿದ್ದಳು ಗೆಳತಿ ಮಹೆಕಳಿಗೆ.

"ಯಾವುದರದ್ದು? ಪುಸ್ತಕದ್ದೋ, ಅಂವಂದೋ?"

"ಸುಮ್ಕಿರ."

"ನಾ ಸುಮ್ನ ಅದೀನಿ. ನಿನ್ನ ಮಾರಿನ ಮಾತಾಡಾಕತ್ತೈತಿ."

ಕಥೆ ಹೇಳುವಾಗ ಯಲ್ಲೇಶನ ಕಣ್ಣು ಎಲ್ಲರ ಮುಖದ ಮೇಲೂ ಸರದಿಯಂತೆ ಹಾಯುತ್ತಿತ್ತು. ಪೂನಮ್ ತನಕ ಬಂದಾಗ ಕಾದ ಹಂಚು ಮುಟ್ಟಿದಂತೆ ಥಟ್ಟನೆ ಹಿಂದೆ ಸರಿಯುತ್ತಿತ್ತು. ಅದನ್ನು ಯಾರೂ ನೋಡಿಲ್ಲವೆಂದು ಅವನ ನಂಬಿಕೆ. ಪೂನಮ್ ಎಲ್ಲವನ್ನೂ ನೋಡಿದ್ದಳು. ಈ ಸಲ ಸರಿದದ್ದು ಹಿಂದಿನ ಸಲಕ್ಕಿಂತ ತುಸು ತಡವಾಗಿತ್ತೇ ಎಂಬಂಥ ಸೂಕ್ಷ್ಮಗಳೂ ಅವಳಿಗೆ ತಿಳಿಯುತ್ತಿದ್ದವು. ಎರಡು ವರ್ಷದಲ್ಲಿ ಅವರಿಬ್ಬರ ನಡುವೆ ಆಡಿದ ಮಾತು ಮಾತ್ರ 'ನೋಟ್ಸ್ ಅದಾವೇನ್ರಿ', 'ಹೂಂ ಅದಾವ್ರಿ' ಎಂಬುದನ್ನು ದಾಟಿರಲಿಲ್ಲ.

ಈ ಸಲದ ಇಂಟರ್ನಲ್ಸ್‌ನ ಹಿಂದಿನ ದಿನ ಕೊನೆಯ ಅಧ್ಯಾಯ. ಎಡ್ಮಂಡ್ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ, ಟೋಪಿ ಕೈಯಲ್ಲಿ ಹಿಡಿದು. ಯಲ್ಲೇಶನ ಚಹಾ ಕೆನೆಗಟ್ಟಿತ್ತು.

"ಎಡ್ಮಂಡ ಕೇಳಿದ. 'ಹ್ಯಾರಿಯೆಟ್, ನನ್ನ ಜೋಡಿ ಬರ್ತಿಯೇನು?'"

"ಆಕಿ ಏನಂದ್ಲು?" ಕಪಿಲ ಮುಂದೆ ಜರುಗಿದ.

ಯಲ್ಲೇಶ ತಲೆ ಎತ್ತಿದ. ಅವನ ಕಣ್ಣು ಯಾರ ಮೇಲೂ ಹಾಯದೆ ನೇರ ಪೂನಮ್ ಮೇಲೆ ಬಿತ್ತು, ಅಲ್ಲೇ ನಿಂತಿತು. ಬಾಯಿ ತೆರೆದ. ಮುಚ್ಚಿದ.

"ಆಕಿ… ಹೂಂ ಅಂದ್ಲು."

ಚಪ್ಪಾಳೆಯೋ ಚಪ್ಪಾಳೆ. ಮಹೆಕ ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡಳು. ಮದುವೆ ಆಯಿತೇ ಎಂದು ಯಾರೋ ಕೇಳಿದರು, ಇನ್ಯಾರೋ ಪೀಡಿಸಿದರು, ಯಲ್ಲೇಶ ಹೌದೌದೆನ್ನುತ್ತ ಹೋದ; ಐದೇ ನಿಮಿಷದಲ್ಲಿ ಹ್ಯಾರಿಯೆಟ್‌ಗೆ ಮಂಟಪ ಎದ್ದು ನಿಂತಿತು. ಪೂನಮ್ 'ಹಂಗಿಲ್ಲ' ಎನ್ನಲು ತುಟಿ ಬಿಚ್ಚಿದವಳು ಹಾಗೇ ಉಳಿದಳು. ಆಮೇಲೆ ಗ್ರೂಪಿನಲ್ಲಿ ಮೆಸೇಜ್ ಹಾಕಿದರಾಯಿತು ಎಂದುಕೊಂಡಳು. ಹಾಕಲಿಲ್ಲ. ಕೇಳಲು ಅಷ್ಟು ಚೆನ್ನಾಗಿದ್ದ ಸುಳ್ಳನ್ನು ಅವಳು ಅದುವರೆಗೆ ಕೇಳಿರಲಿಲ್ಲ.

"ಸರಿಯಾಗಿ ಬರದವ್ರು ಇಬ್ಬರ," ಮೇಡಂ ಈಗ ಮೇಜಿನ ಮೇಲಿನ ಕಟ್ಟಿನಿಂದ ಎರಡು ಪತ್ರಿಕೆಗಳನ್ನು ಬೇರೆಯಾಗಿ ಎತ್ತಿ ಹಿಡಿದರು. "ಪೂನಮ್. ಯಲ್ಲೇಶ."

ಇಪ್ಪತ್ತೆರಡು ತಲೆಗಳು ಒಟ್ಟಿಗೆ ಯಲ್ಲೇಶನ ಕಡೆ ತಿರುಗಿದವು. ಮೇಡಂ ಆ ತಲೆಗಳನ್ನು ನೋಡಿದರು, ಯಲ್ಲೇಶನನ್ನು ನೋಡಿದರು. ತನಿಖೆ ಅಲ್ಲಿಗೆ ಮುಗಿಯಿತು.

"ಉಳದವರಿಗೆ ಈ ಪ್ರಶ್ನಾಕ್ಕ ಸೊನ್ನಿ. ನೀವಿಬ್ಬರೂ ಮೂರಕ್ಕ ನನ್ನ ಚೇಂಬರಿಗೆ ಬರ್ರಿ."

ಸೊನ್ನೆಯೆಂದರೆ ಇಪ್ಪತ್ತರಲ್ಲಿ ಹತ್ತು ಅಂಕ ಹೋಯಿತು. ಮೇಡಂ ಹೊರಗೆ ಕಾಲಿಟ್ಟರೋ ಇಲ್ಲವೋ, ಕಪಿಲ ಎದ್ದ.

"ಲೇ ಯಲ್ಲ್ಯಾ! ನಂಬಿ ಬರದ್ನೆಲ್ಲೋ ನಾನು! ಅಕ್ಕಿಕಾಳು ಸೈತ ಹಾಕಿದೆ!"

"ಅಕ್ಕಿಕಾಳು ನಾ ಹೇಳಿದ್ದಿಲ್ಲಲೇ."

"ಮದವಿ ಅಂದ ಮ್ಯಾಲೆ ಅಕ್ಕಿಕಾಳು ಇರೂದಿಲ್ಲೇನು?"

ಯಲ್ಲೇಶ ಹೊರಗೆ ನಡೆದ. ಪೂನಮ್ ಅವನನ್ನು ಗ್ರಂಥಾಲಯದ ಮೆಟ್ಟಿಲ ಮೇಲೆ ಹಿಡಿದಳು. ಎರಡು ವರ್ಷದಲ್ಲಿ ಮೊದಲ ಸಲ, ನೋಟ್ಸಿನ ನೆಪವಿಲ್ಲದೆ.

"ಒಂದು ಕೇಳ್ಲೇನ್ರಿ? ಊರಿಗೆಲ್ಲಾ ಮದವಿ ಊಟಾ ಹಾಕಿದ್ರಿ. ನಿಮ್ಮ ಪೇಪರಿನ್ಯಾಗ ಮಾತ್ರ ಆಕಿ ಒಲ್ಲೆ ಅಂದಾಳ. ಯಾಕ?"

"ಪುಸ್ತಕದಾಗ ಹಂಗ ಐತೆಲ್ರಿ."

"ಮರದ ಕೆಳಗೂ ಅದ ಪುಸ್ತಕ ಇತ್ತು."

ಅವನು ಚಪ್ಪಲಿಯ ತುದಿಯಿಂದ ಮೆಟ್ಟಿಲಿನ ಸಂದಿಯೊಳಗಿನ ಮಣ್ಣು ಕೆದರಿದ. "ಪೇಪರ್ ಬರೀವಾಗ ನೀವು ನನ್ನ ಹಿಂದ ಕುಂತಿದ್ರಿ. ಮಾರಿ ಕಾಣತಿದ್ದಿಲ್ಲ," ಎಂದ. ಏನಂದೆನೆಂದು ಆಮೇಲೆ ಹೊಳೆದು, "ಮೂರಾಗಾಕ ಬಂತ್ರಿ," ಎಂದು ಅವಸರದಿಂದ ಹೊರಟುಬಿಟ್ಟ. ಗಡಿಯಾರದಲ್ಲಿ ಎರಡೂಕಾಲಾಗಿತ್ತು.

ಚೇಂಬರಿನಲ್ಲಿ ಮೇಡಂ ಇಬ್ಬರನ್ನೂ ಕೂರಿಸಲಿಲ್ಲ.

"ಯಾಕ ಬದಲ ಮಾಡ್ದಿ, ಯಲ್ಲೇಶ?"

"ಹೇಳಾಕ ಬಾಯಿ ಬರಲಿಲ್ರಿ ಮೇಡಂ."

"ಯಾರ ಮುಂದ?"

ಯಲ್ಲೇಶ ಗೋಡೆಯ ಕ್ಯಾಲೆಂಡರನ್ನು ಪರೀಕ್ಷೆಗೆ ಬರುತ್ತದೆ ಎಂಬಂತೆ ಓದತೊಡಗಿದ. ಪೂನಮ್ ಒಂದು ಹೆಜ್ಜೆ ಮುಂದೆ ಬಂದಳು.

"ನನ್ನದೂ ತಪ್ಪೈತ್ರಿ. ನನಗ ಗೊತ್ತಿತ್ತು, ತಿದ್ದಲಿಲ್ಲ."

"ನೀ ಯಾಕ ತಿದ್ದಲಿಲ್ಲ?"

"ಕೇಳಾಕ… ಛಲೋ ಇತ್ರಿ."

ಮೇಡಂ ಕನ್ನಡಕದ ಮೇಲಿನಿಂದ ಒಬ್ಬರನ್ನು, ಮತ್ತೊಬ್ಬರನ್ನು ನೋಡಿದರು. ತುಟಿಯಂಚಿನಲ್ಲಿ ಏನೋ ಬಂದು ಹೋಯಿತು. ಮಾತು ಬಂದಾಗ ಮಾತ್ರ ಅದರಲ್ಲಿ ತಮಾಷೆ ಇರಲಿಲ್ಲ.

"ನೋಡಪಾ. ಆ ಪುಸ್ತಕದಾಗ ಮನಿ ಅಪ್ಪಂದು, ಊರು ಚರ್ಚಿಂದು, ಮುಂದಿನ ದಿನ ಎಡ್ಮಂಡಂದು. ಹ್ಯಾರಿಯೆಟ್‌ಗೆ ಸ್ವಂತದ್ದಂತ ಇದ್ದದ್ದು ಒಂದು ಉತ್ತರ. ನಾನೂರಾ ಎಂಬತ್ತು ಪುಟಾ ನಡಕೊಂಡು ಬಂದು ಆಕಿ ಅದನ್ನ ಗಳಿಸ್ಯಾಳ. ನೀ ಪ್ರೀತಿಲೆ ಮಾಡಿರಬಹುದು. ಆದ್ರ ಕಸಗೊಂಡದ್ದು ಅದನ್ನ."

ಯಲ್ಲೇಶ ಕ್ಯಾಲೆಂಡರ್ ಬಿಟ್ಟು ನೆಲ ನೋಡಿದ.

"ಶನಿವಾರ ಕ್ಲಾಸಿನ್ಯಾಗ ಮತ್ತ ಕಥಿ ಹೇಳು. ನಿನ್ನ ಭಾಷಾದಾಗ ಹೇಳು, ನಾನೂ ಕೇಳ್ತೇನಿ. ಖರೇ ಹೇಳಿದ್ರ ಸೋಮವಾರ ಎಲ್ಲರಿಗೂ ರೀಟೆಸ್ಟ್. ಇಲ್ಲಂದ್ರ ಸೊನ್ನಿ ಖಾಯಂ."

ಶನಿವಾರ ಮೇಡಂ ಹಿಂದಿನ ಬೆಂಚಿನಲ್ಲಿ ಕೂತರು. ಚಹಾ ಇರಲಿಲ್ಲ, ಬೇವಿನ ನೆರಳಿರಲಿಲ್ಲ. ಯಲ್ಲೇಶ ಮೊದಲ ಹತ್ತು ನಿಮಿಷ ತೊದಲಿದ. ಪಾದ್ರಿ ಸಿಟ್ಟು ಮಾಡಿಕೊಂಡು ಮುಸುಕು ಹೊದ್ದಾಗ ಹಿಂದಿನ ಬೆಂಚಿನಿಂದ ಒಂದು ನಗು ಕೇಳಿಸಿತು. ಆಮೇಲೆ ಅವನಿಗೆ ಅಡ್ಡಿಯಿರಲಿಲ್ಲ. ಎಡ್ಮಂಡ್ ಬಾಗಿಲಿಗೆ ಬಂದ. ಟೋಪಿ ಕೈಗೆ ತೆಗೆದುಕೊಂಡ. ಕೇಳಿದ.

ಪೂನಮ್ ತನಗೆ ಗೊತ್ತಿದ್ದ ಉತ್ತರಕ್ಕೇ ಕಾದಳು. ಯಲ್ಲೇಶ ಅವಳನ್ನೇ ನೋಡಿದ.

"ಹ್ಯಾರಿಯೆಟ್ ಅಂದ್ಲು. 'ಎಡ್ಮಂಡ, ನೀ ಕೆಟ್ಟಾಂವಲ್ಲ. ನೀ ಕೆಟ್ಟಾಂವಿದ್ದರ ನನಗ ಹಗರ ಆಗತಿತ್ತು. ಇಲ್ಲಿ ಹನ್ನೊಂದು ಹುಡಿಗ್ಯಾರು ನಾಳೆ ಮುಂಜಾನಿ ಬರ್ತಾವ. ನಾ ಬಂದ್ರ ಈ ಬಾಗಲಾ ತೆರಿಯಾವ್ರು ಯಾರು? ನಾ ಒಲ್ಲೆ.' ಅಂವ ಟೋಪಿ ಹಾಕ್ಕೊಂಡು ಹೋದ. ಆಕಿ ಅತ್ತಳು. ಅತ್ತು, ಮುಂಜಾನೆದ್ದು ಕೊಟ್ಟಿಗಿ ಗುಡಿಸಿದ್ಲು."

ಈ ಸಲ ಚಪ್ಪಾಳೆ ಬೀಳಲಿಲ್ಲ. "ಛೇ," ಎಂದ ಕಪಿಲ, ಮೆಲ್ಲಗೆ. ಮಹೆಕ ಇವತ್ತೂ ದುಪಟ್ಟಾ ಕಣ್ಣಿಗೆ ಒತ್ತಿಕೊಂಡಿದ್ದಳು; ಅವಳ ಕಣ್ಣೀರು ಯಾವ ಮುಕ್ತಾಯಕ್ಕೂ ಒಗ್ಗುವಂಥದ್ದು. ಮೇಡಂ ಎದ್ದು, "ಸೋಮವಾರ ಹನ್ನೊಂದಕ್ಕ ರೀಟೆಸ್ಟ್," ಎಂದಷ್ಟೇ ಹೇಳಿ ಹೋದರು.

ಗೇಟಿನ ಹೊರಗೆ ಚಿಗರಿ ಎಂಬ ನಗರ ಬಸ್ಸಿನ ನಿಲ್ದಾಣ. ಪೂನಮ್ ಅಮರಗೋಳಕ್ಕೆ ಹೋಗುವವಳು, ಯಲ್ಲೇಶನ ಹೆಬ್ಬಳ್ಳಿಗೆ ಆ ಬಸ್ಸು ಹೋಗುತ್ತಿರಲಿಲ್ಲ. ಅವನಿಗೆ ಅಲ್ಲಿ ಕೆಲಸವಿರಲಿಲ್ಲ. ಆದರೂ ನಾಲ್ಕು ಹೆಜ್ಜೆ ಹಿಂದೆ ಬಂದ. ಅವಳು ನಿಂತು, ಅವನು ಸಮಕ್ಕೆ ಬರುವವರೆಗೆ ಕಾದಳು.

"ಛಲೋ ಹೇಳಿದ್ರಿ."

"ಭಾಳ ಹೆದರಿದ್ದೆ. ನಿಮ್ಮ ಮುಂದ ಆ ಮಾತು ಹೇಳಿದ್ರ, ನೀವ ನನಗ ಅಂದಂಗ ಆಗ್ತೈತಿ ಅನಸ್ತಿತ್ತು."

"ಮತ್ತ ಹಂಗಾತೇನು?"

"ಇಲ್ಲ. ಅದು ಆಕಿ ಮಾತು."

ಪೂನಮ್ ಬ್ಯಾಗನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡಳು. ಮೂರು ದಿನದಿಂದ ಅವಳೊಳಗೆ ಕುದಿಯುತ್ತಿದ್ದುದು ಈಗ ಹೊರಗೆ ಬಂತು, ಅರ್ಧ ಸಿಟ್ಟಾಗಿ, ಅರ್ಧ ನಗುವಾಗಿ.

"ಹ್ಯಾರಿಯೆಟ್ ಒಲ್ಲೆ ಅಂದದ್ದನ್ನ ಹೂಂ ಮಾಡಿದ್ರಿ. ನಾ ಇನ್ನೂ ಬಾಯಿನ ತೆರದಿಲ್ಲ, ಒಲ್ಲೆ ಅಂತಾಳಂತ ನೀವ ತಿಳಕೊಂಡ್ರಿ. ಇಬ್ಬರ ಉತ್ತರಾನೂ ನೀವ ಬರದ್ರಿ. ಆಕೀದು ಮೇಡಂ ವಾಪಸ್ ಕೊಡಿಸಿದ್ರು. ನನ್ನದು?"

ರಸ್ತೆಯಲ್ಲಿ ಬಸ್ಸೊಂದು ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು.

"ಹಂಗಾರ ಕೇಳ್ತೇನ್ರಿ," ಎಂದ. ಮರದ ಕೆಳಗಿನ ಹೊಳಪಾಗಲಿ ತಿರುವುಗಳಾಗಲಿ ಆ ದನಿಯಲ್ಲಿರಲಿಲ್ಲ. "ನನಗ ಜೂನ್‌ದಿಂದ ಗದಗದಾಗ ಪಿ.ಯು. ಕಾಲೇಜಿಗೆ ಗೆಸ್ಟ್ ಲೆಕ್ಚರರ್ ಅಂತ ಕರದಾರ. ನೀವು ಪಿಎಚ್.ಡಿ.ಗೆ ಇಲ್ಲೇ ಇರ್ತೀರಿ. ಇರ್ರಿ. ನನ್ನ ಜೋಡಿ ಬರ್ರಿ ಅಂತ ಕೇಳಾಕತ್ತಿಲ್ಲ. ನನಗ ನೀವಂದ್ರ ಭಾಳ ಇಷ್ಟ. ನಿಮಗ ನಾನು? ಇಷ್ಟ ಕೇಳೂದಿತ್ತು. ಒಲ್ಲೆ ಅಂದ್ರೂ ನಡೀತೈತಿ… ಅಂದ್ರ, ನಡ್ಯಾಂಗಿಲ್ಲ, ಆದ್ರ ನೀವು ಯಾಕ—"

"ಯಲ್ಲೇಶ. ಮತ್ತ ನೀವ ಉತ್ತರಾ ಬರಿಯಾಕತ್ರಿ."

ಅವನು ಬಾಯಿ ಮುಚ್ಚಿಕೊಂಡ.

ಅವಳು ಬೇಕೆಂದೇ ತಡಮಾಡಿದಳು. ಅವನ ಹಣೆಯ ಮೇಲೆ ಬೆವರು ಸಾಲುಗಟ್ಟುವುದನ್ನು, ಅವನು ಅದನ್ನು ಒರೆಸಿಕೊಳ್ಳಲೂ ಹೆದರಿ ನಿಂತಿರುವುದನ್ನು ಪೂರ್ತಿ ನೋಡಿ ಮುಗಿಸಿದಳು.

"ನನಗೂ," ಎಂದಳು. "ಭಾಳ ದಿನದಿಂದ. ಮದವಿ ಮಾತು ಥೀಸಿಸ್ ಬರದ ಮ್ಯಾಲೆ. ಗದಗ ಏನು ದೂರಲ್ಲ, ರವಿವಾರ ನೀವ ಬರಬೇಕು."

"ಪ್ರತಿ ರವಿವಾರ?"

"ಯಾಕ, ಭಾಳ ಆತೇನು?"

"ಇಲ್ರಿ. ನಡುವ ಒಂದು ಬುಧವಾರಾನೂ ಹಾಕ್ರಿ."

ಚಿಗರಿ ಬಸ್ಸು ಐದು ನಿಮಿಷಕ್ಕೊಂದು ಬರುತ್ತದೆ. ಆ ಸಂಜೆ ಪೂನಮ್ ಆರು ಬಸ್ಸು ಬಿಟ್ಟಳು.