ಹನ್ನೊಂದು ಜೊತೆ ಹಸಿರು ಬಳೆ

ಠಾಣೆ ಊರಿನ ವರ್ತಕ ನಗರದ ಮೈದಾನದ ಗೇಟಿನಲ್ಲೇ ಅಂಬರೀಶ ಎದುರಾದ. ಮಯೂರಿಯ ಎದೆ ಧಸಕ್ಕೆಂದಿತು!

ಅವನ ಪಕ್ಕದಲ್ಲಿ ಇಳಕಲ್ ಸೀರೆಯ ಹೆಂಗಸು. ಅವನ ತಾಯಿ ಗುರಮ್ಮ... ಇನ್ಯಾರು! "ಮುಂದಿನ ಮ್ಯಾಚಿಗೆ ನಮ್ಮವ್ವನ್ನ ಕರ್ಕೊಂಡ ಬರ್ತೀನ್ರಿ. ನಿಮ್ಮನ್ನ ನೋಡ್ಲಿ" ಎಂದು ಹೋದ ತಿಂಗಳು ಕಲ್ಯಾಣ ಊರಿನಲ್ಲಿ ಮ್ಯಾಚ್ ಮುಗಿದಾಗ ಅವನೇ ಹೇಳಿದ್ದ. ಅಂದಿನಿಂದ ಮಯೂರಿಗೆ ಸರಿಯಾದ ನಿದ್ದೆಯಿಲ್ಲ.

"ಬಂದ್ರ್ಯಾ?" ಎಂದಳು ಮೆಲ್ಲಗೆ.

ಗುರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ ಮಗನ ಕಿವಿಯಲ್ಲಿ ಏನೋ ಹೇಳಿದಳು. ಅವನ ಮುಖ ಸಪ್ಪಗಾಯಿತು.

"ಹೂಂ ರೀ... ನಿಮಗ ಚಲೋ ಆಗ್ಲಿ" ಎಂದವನೇ ತಾಯಿಯ ಕೈ ಹಿಡಿದು ಗುಂಪಿನೊಳಗೆ ಹೋಗಿಬಿಟ್ಟ.

ಅಷ್ಟೇ? ಇಷ್ಟು ದಿನ ಕಾದದ್ದು ಇಷ್ಟಕ್ಕಾ?

'ನನ್ನಲ್ಲಿ ಏನು ಕಂಡರು? ಕಪ್ಪಗಿದ್ದೇನೆ ಅಂತಲಾ? ಮೈದಾನ ತಿರುಗುವ ಹುಡುಗಿ ಬೇಡ ಅಂತಲಾ?'

ಅಕ್ಕ ನೀಲಗಂಗಾ ಮಹಾಪೆಯ ಫ್ಯಾಕ್ಟರಿ ಹುಡುಗಿಯರ ಹಾಕಿ ಟೀಮಿನ ಗೋಲ್‌ಕೀಪರ್. ಬೆಳಿಗ್ಗೆ ಬಸ್ಸಿನಲ್ಲೇ ಎಚ್ಚರಿಸಿದ್ದಳು. "ಇವತ್ತ ಒದರಬ್ಯಾಡ ಮಯೂ. ಅತ್ತಿ ಆಗಾಕಿ ಬರ್ತಾಳ. ಬಾಯಿ ಮುಚ್ಕೊಂಡ ಕೂಡು."

ಬಾಯಿ ಮುಚ್ಚಿಕೊಂಡು! ಮಯೂರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಮಹಾಪೆಯ ಪರ ಬಂದಿದ್ದವಳು ಅವಳೊಬ್ಬಳೇ. ಉಳಿದವರಿಗೆಲ್ಲ ಫ್ಯಾಕ್ಟರಿಯಲ್ಲಿ ಶಿಫ್ಟ್. ಸುತ್ತಲೂ ಠಾಣೆಯ ಜನ. ಮೊದಲ ಸಲ ಅಂಬರೀಶ ಅವಳನ್ನು ತಿರುಗಿ ನೋಡಿದ್ದೂ ಅವಳ ಕೂಗಿಗೇ. ಠಾಣೆಯ ಪರ ಢೋಲು ಬಾರಿಸುತ್ತಿದ್ದವನು ಬಾರಿಸುವುದನ್ನೇ ಮರೆತಿದ್ದ.

ಮೈಕು ಕಿರುಚಿತು. "ಠಾಣೆ ಲೇಡಿ ಟೈಗರ್ಸ್ ವರ್ಸಸ್ ಮಹಾಪೆ ಲೇಡೀಸ್!"

ಮಯೂರಿಗೆ ಮೈಯೆಲ್ಲ ಉರಿಯಿತು. ಗಂಡಸರ ಟೀಮಿನ ಹೆಸರಿಗೆ ಒಂದು 'ಲೇಡಿ' ಅಂಟಿಸಿದರೆ ಮುಗಿಯಿತು, ಹೆಂಗಸರ ಟೀಮು ತಯಾರು! ಮಹಾಪೆಯವರು ಬರೆದುಕೊಟ್ಟ ಹೆಸರನ್ನಂತೂ ಯಾರೂ ಓದಲೇ ಇಲ್ಲ.

'ಹರಿ ಚೂಡಿ ಇಲೆವೆನ್' ಎಂದು ಆ ಹೆಸರು, ಅಂದರೆ ಹಸಿರು ಬಳೆಯ ಹನ್ನೊಂದು ಮಂದಿ. ಪ್ರ್ಯಾಕ್ಟೀಸಿಗೆ ರಜೆ ಕೇಳಿದಾಗ ಸೂಪರ್‌ವೈಸರ್ "ಬಳೆ ತೊಟ್ಟ ಕೈಗೆ ಸ್ಟಿಕ್ ಯಾಕೆ?" ಎಂದು ನಕ್ಕಿದ್ದ. ಹನ್ನೊಂದು ಮಂದಿಯೂ ಹಠಕ್ಕೆ ಬಿದ್ದು ಹೋದ ವಾರವಷ್ಟೇ ಆ ಹೆಸರಿಟ್ಟುಕೊಂಡು, ಒಂದೊಂದು ಜೊತೆ ಹಸಿರು ಗಾಜಿನ ಬಳೆ ಕೊಂಡಿದ್ದರು. ಆಡುವಾಗ ಬಳೆ ತೊಡುವಂತಿಲ್ಲ. ಹಾಗಾಗಿ ಬೆಳಿಗ್ಗೆ ಬಸ್ಸಿನಲ್ಲೇ ಮಯೂರಿ ಹನ್ನೊಂದು ಜೊತೆಯನ್ನೂ ತೊಟ್ಟುಕೊಂಡಿದ್ದಳು, ಆಗಿನಿಂದ ಅವು ಅವಳ ಕೈಯಲ್ಲಿ ಘಲ್ ಘಲ್ ಎನ್ನುತ್ತಿದ್ದವು.

ಆಟ ಶುರುವಾಯಿತು. ಅವಳ ಕಣ್ಣು ಮಾತ್ರ ಅಂಬರೀಶನ ಕಡೆಗೇ. ಢೋಲು ತೊಡೆಯ ಮೇಲಿತ್ತು, ಅವನು ಬಾರಿಸುತ್ತಿರಲಿಲ್ಲ. ಒಮ್ಮೆಯೂ ಇತ್ತ ನೋಡಲಿಲ್ಲ...

ಕೊನೆಯ ಎರಡು ನಿಮಿಷ. ಮಹಾಪೆ ಒಂದು ಗೋಲಿನಿಂದ ಮುಂದಿತ್ತು. ಅಷ್ಟರಲ್ಲಿ ಠಾಣೆಗೆ ಪೆನಾಲ್ಟಿ ಸ್ಟ್ರೋಕ್!

ಮೈದಾನಕ್ಕೆ ಮೈದಾನವೇ ಎದ್ದು ಕೂಗತೊಡಗಿತು. ಗುರಮ್ಮನೂ ಎದ್ದಳು, ಆದರೆ ಮನೆಗೆ ಹೊರಡಲು.

ಗೋಲಿನ ಮುಂದೆ ಒಂಟಿಯಾಗಿ ನಿಂತ ನೀಲಗಂಗಾ ಒಮ್ಮೆ ತಿರುಗಿ ನೋಡಿದಳು. ಬೆಳಿಗ್ಗೆ ಬಾಯಿ ಮುಚ್ಚು ಎಂದವಳೇ ಈಗ ತಂಗಿಯ ದನಿಗಾಗಿ ಹುಡುಕುತ್ತಿದ್ದಳು.

'ಈಗ ಕೂಗಿದರೆ ಇರುವ ಆಸೆಯೂ ಹೋಯಿತು. ಕೂಗದಿದ್ದರೆ... ಅಕ್ಕನಿಗೆ ಇಲ್ಲಿ ಯಾರಿದ್ದಾರೆ?'

ಮಯೂರಿ ಎದ್ದು ಎರಡೂ ಕೈ ಮೇಲೆತ್ತಿದಳು.

"ಹರಿ ಚೂಡಿ! ಹರಿ ಚೂಡಿ! ಅಕ್ಕಾ, ಬಿಡಬ್ಯಾಡಾ!"

ಚೆಂಡು ನೀಲಗಂಗಾಳ ಪ್ಯಾಡಿಗೆ ಬಡಿದು ಹೊರಗೆ ಹೋಯಿತು! ಸ್ವಲ್ಪ ಹೊತ್ತಿಗೆ ಸೀಟಿ ಮೊಳಗಿತು. ಗೆದ್ದರು!

ಗುರಮ್ಮ ನಿಂತಲ್ಲೇ ನಿಂತು ಅವಳನ್ನೇ ನೋಡುತ್ತಿದ್ದಳು. 'ಹೋಯಿತು, ಎಲ್ಲಾ ಹೋಯಿತು' ಎಂದುಕೊಂಡ ಮಯೂರಿಯ ಕಣ್ಣು ತುಂಬಿದವು.

ಅಷ್ಟರಲ್ಲಿ ಬೆವರಿಳಿಯುತ್ತಿದ್ದ ಹುಡುಗಿಯರು ಓಡಿಬಂದು ಮುತ್ತಿಕೊಂಡರು. "ನನ್ನ ಹಸಿರ ಬಳಿ ತಾ!" "ಮೇರಿ ಚೂಡಿ ದೇ ನಾ!" ಒಬ್ಬೊಬ್ಬಳೂ ತನ್ನ ಜೊತೆ ಕಳಚಿಕೊಂಡಳು. ಕೊನೆಗೆ ನೀಲಗಂಗಾ. ಮಯೂರಿಯ ಕೈ ಬರಿದಾಯಿತು.

ಎದುರಿಗೆ ಅಂಬರೀಶ ಕಣ್ಣು ಬಿಟ್ಟುಕೊಂಡು ನಿಂತಿದ್ದ. "ಈ ಬಳಿ... ನಿಮ್ವು ಅಲ್ಲೇನ್ರಿ?"

"ಟೀಮಿನ್ವು. ಯಾಕ್ರಿ?"

"ಕೈ ತುಂಬ ಹಸಿರ ಬಳಿ ಇಟ್ಟಾರ, ಹುಡುಗಿ ಲಗ್ನ ಗೊತ್ತಾಗೈತಿ ಅಂದ್ಳು ನಮ್ಮವ್ವ. ನಾನೂ ಹಂಗ ತಿಳ್ಕೊಂಡ್ನಿ..."

ಮಯೂರಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಒಂದ ಮಾತ ಕೇಳಾಕ ಬರ್ತಿದ್ದಿಲ್ಲೇನ್ರಿ? ನನ್ನ ಜೀವಾನ ಹೋಗಿ ಬಂತು!"

"ನಂದೂ ಹಂಗ ಆಗಿತ್ರಿ."

ಗುರಮ್ಮ ಹತ್ತಿರ ಬಂದಳು. ಮಯೂರಿ ತಲೆ ತಗ್ಗಿಸಿದಳು. "ಒದರಿದ್ದಕ್ಕ ಸಿಟ್ಟ ಬಂತೇನ್ರಿ?"

"ನನಗೇನ ಸಿಟ್ಟವ್ವಾ? ಅಕ್ಕನ ಸಲುವಾಗಿ ಇಷ್ಟ ಜನರಾಗ ಎದ್ದ ನಿಂತಿ. ಅದನ್ನ ನೋಡಿ ಹೊಂಟಾಕಿ ನಿಂತ್ನಿ." ತನ್ನ ಕೈಯಿಂದ ಒಂದು ಜೊತೆ ಬಳೆ ಕಳಚಿ ಅವಳಿಗೆ ತೊಡಿಸಿದಳು. "ಬರಿಗೈಲೆ ಹೋಗಬ್ಯಾಡ. ಲಗ್ನದ ಬಳಿ ಅಲ್ಲ ಇವು. ಆ ಬಳಿ ನಿಮ್ಮ ಮನಿಗೆ ಬಂದ, ಕೇಳಿ ಇಡಸ್ತೀನಿ."

ಗುರಮ್ಮ ನೀಲಗಂಗಾಳನ್ನು ಮಾತನಾಡಿಸುತ್ತ ಬೇಕೆಂದೇ ಮುಂದೆ ನಡೆದಳು.

"ನೀವಂದ್ರ ನನಗ ಭಾಳ ಜೀವ ರೀ" ಎಂದ ಅಂಬರೀಶ.

"ನನಗೂ..." ಎಂದಳು ಮಯೂರಿ. "ಆದ್ರ ಲಗ್ನ ಆದ ಮ್ಯಾಲೂ ನಾ ಮಹಾಪೆ ಪರಾನ ಒದರಾಕಿ!"

"ಒದರ್ರಿ. ಟೀಮಿನ ಹೆಸರು ಏನಂದ್ರಿ ಆಗ?"

ಇಷ್ಟು ಮೈದಾನ ಸುತ್ತಿದರೂ ಎದುರಿನ ಕಡೆಯವರು ಯಾರೂ ಟೀಮಿಗೆ ಹೆಸರಿದೆಯೇ ಎಂದೂ ಅವಳನ್ನು ಕೇಳಿರಲಿಲ್ಲ. ಮೆಲ್ಲಗೆ ಹೇಳಿದಳು.

ಅವನು ಢೋಲನ್ನು ಕೊರಳಿಗೆ ಹಾಕಿಕೊಂಡ. ಬಾರಿಸುತ್ತ ಇಡೀ ವರ್ತಕ ನಗರಕ್ಕೆ ಕೇಳುವಂತೆ ಕೂಗಿದ. "ಹರಿ ಚೂಡಿ ಇಲೆವೆನ್!"

ಮಯೂರಿ ಕಣ್ಣೊರೆಸಿಕೊಂಡಳು.

"ಇನ್ನೊಮ್ಮೆ ಅನ್ರಿ..."